ನಾನು ಎಳೆದ ಸಮ ಗೆರೆಗಳು

ಹಾಲಿನ ಟ್ಯಾಂಕಿಗೆ ಅಳತೆ ಕೋಲು ಇಳಿಸುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಹಾಗೆ ಮಾಡುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲವೇನೋ. ಸ್ಟೀಲಿನ ಕೋಲನ್ನು ಬಿಳಿ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಟ್ಯಾಂಕಿನ ಬಾಯಿಯಿಂದ ನೆಟ್ಟಗೆ ಒಳಗೆ ಬಿಟ್ಟು, ತಳ ಮುಟ್ಟಿದ್ದು ಕೈಗೆ ತಿಳಿದ ಮೇಲೆ ನಿಧಾನಕ್ಕೆ ಮೇಲೆತ್ತುತ್ತಿದ್ದರು. ಹಾಲು ಎಲ್ಲಿಯವರೆಗೆ ಒದ್ದೆ ಮಾಡಿದೆಯೋ ಆ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಆಮೇಲೆ ಉಸಿರು ಬಿಡುತ್ತಿದ್ದರು. ಟ್ಯಾಂಕರಿನವರು ಅವಸರ ಮಾಡಿದರೆ ಅವರದು ಒಂದೇ ಮಾತು: "ಇರಪ್ಪ, ಆಲು ಕುಂತ್ಕಳ್ಳಿ." ಸುರಿದ ಹಾಲಿನ ನೊರೆ ಇಳಿಯುವ ತನಕ ಅವರ ಕೋಲು ಕದಲುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿ, "ಟ್ಯಾಂಕಿನಯ್ಯ ತೀರ್ಕಂಡ್ರಂತೆ ಕಣ್ರೀ, ತಿಥಿನೂ ಆಗೋಯ್ತಂತೆ" ಅಂದರು. ನಾನು "ಅಯ್ಯೋ ಪಾಪ" ಎಂದೆ. ಹೇಳಿದ ಕ್ಷಣವೇ ಆ ಎರಡು ಮಾತು ನನ್ನ ಬಾಯಲ್ಲಿ ಕಹಿಯಾದವು. ಅವರ ವಿಷಯದಲ್ಲಿ ಪಾಪ ಎನ್ನುವ ಯೋಗ್ಯತೆ ಯಾರಿಗಿದ್ದರೂ ನನಗಿಲ್ಲ.

ಟ್ಯಾಂಕಿನಯ್ಯ ಎಂಬುದು ಕೆಲಸದ ಜಾಗದಲ್ಲಿ ಅಂಟಿಕೊಂಡ ಹೆಸರು. ಸ್ವಂತ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ದೆಸೆಯಿಂದ ಆ ಹೆಸರು ಒಮ್ಮೆ ಬರಬಾರದ ಕಾಗದದ ಮೇಲೆ ಬಂದಿದೆ, ಅಷ್ಟು ಸಾಕು.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ ನನಗೆ ಅಲ್ಲಿನ ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಫೀಸು ಚಾಮರಾಜನಗರದಲ್ಲಿ, ಹಾಲು ತಣಿಸಿಡುವ ಕೇಂದ್ರ ಗುಂಡ್ಲುಪೇಟೆಯ ಅಂಚಿನಲ್ಲಿ. ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಸಂಜೆ ಹಾಲು ಬಂದು ಅಲ್ಲಿನ ಟ್ಯಾಂಕಿಗೆ ಸೇರುತ್ತಿತ್ತು. ಅಲ್ಲಿಂದ ಟ್ಯಾಂಕರಿನಲ್ಲಿ ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಹೋಗುತ್ತಿತ್ತು. ಹಳ್ಳಿಯ ಕ್ಯಾನುಗಳು ಒಂದು ತುಂಬಿ, ಒಂದು ಅರ್ಧ ಹೀಗೆ ಬರುತ್ತಿದ್ದುದರಿಂದ ಕೇಂದ್ರದಲ್ಲಿ ಎಷ್ಟು ಹಾಲಿದೆ ಎಂಬುದಕ್ಕೆ ಟ್ಯಾಂಕಿನ ಅಳತೆಯೇ ಆಧಾರ. ಆ ಅಳತೆ ಹದಿನಾರು ವರ್ಷಗಳಿಂದ ಅವರ ಕೈಯಲ್ಲಿತ್ತು.

ನನಗಾಗ ಇಪ್ಪತ್ತಮೂರು ವರ್ಷ. ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. ಟ್ಯಾಂಕಿನಲ್ಲಿ ಎಷ್ಟು ಹಾಲಿದೆಯೆಂಬುದು ಎರಡೂ ಊರಿನ ಪರದೆಯ ಮೇಲೆ ಕಾಣಬೇಕು ಎಂದು ಮಾಲೀಕರಿಗೆ ಆಸೆ. ತೊಡಕೇನೆಂದರೆ ಎರಡು ಕಡೆಯೂ ಬೇರೆ ಬೇರೆ ಜಾತಿಯ ಕಂಪ್ಯೂಟರುಗಳು. ಆಫೀಸಿನಲ್ಲಿದ್ದದ್ದು ಹೊಸದಾಗಿ ಕೊಂಡ ವಿಂಡೋಸ್ ಯಂತ್ರ. ಗುಂಡ್ಲುಪೇಟೆಯಲ್ಲಿದ್ದದ್ದು ಮಾಲೀಕರ ನೆಂಟರೊಬ್ಬರ ಆಫೀಸಿನಿಂದ ಬಂದ ಹಳೆಯ ಯುನಿಕ್ಸ್ ಯಂತ್ರ. ಒಂದರಲ್ಲಿ ಓಡುವ ಪ್ರೋಗ್ರಾಮು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಜಾವಾ ಎಂಬ ಭಾಷೆ ಆಗಿನ್ನೂ ಹೊಸತು. ಅದರಲ್ಲಿ ಒಮ್ಮೆ ಬರೆದರೆ ಎರಡರಲ್ಲೂ ಓಡುತ್ತದೆ ಎಂದು ನಾನು ಹೇಳಿದೆ. ಮಾಲೀಕರು, "ಮಾಡಮ್ಮ ನೋಡೋಣ" ಎಂದರು.

ಪರದೆಯ ನಡುವೆ ನೆಟ್ಟಗಿನ ಒಂದು ಪಟ್ಟಿ ಮಾಡಿದೆ. ಜ್ವರ ನೋಡುವ ಕಡ್ಡಿಯಲ್ಲಿ ಪಾದರಸ ಏರುವ ಹಾಗೆ ಅದರೊಳಗೆ ಬಣ್ಣ ಏರಬೇಕು. ಪಕ್ಕದಲ್ಲಿ ಲೀಟರಿನ ಗೆರೆಗಳು. ಹಾಲು ಸಾಕಷ್ಟಿದ್ದರೆ ಹಸಿರು, ಇಳಿದರೆ ಹಳದಿ, ತಳ ಕಂಡರೆ ಕೆಂಪು. ಗುಂಡ್ಲುಪೇಟೆಯಲ್ಲಿ ಕೋಲಿನ ಅಳತೆಯನ್ನು ಸೆಂಟಿಮೀಟರಿನಲ್ಲಿ ಒತ್ತಿದರೆ ಪಟ್ಟಿ ಅಷ್ಟಕ್ಕೆ ಏರುತ್ತದೆ. ಅದೇ ಅಂಕಿಯನ್ನು ಫೋನಿನಲ್ಲಿ ಹೇಳಿದರೆ ಆಫೀಸಿನಲ್ಲೂ ಒತ್ತಿಕೊಳ್ಳಬಹುದು. ಮೊದಲ ಸಲ ಹಳೆಯ ಯಂತ್ರದಲ್ಲಿ ಓಡಿಸಿದಾಗ ಗೆರೆಗಳು ಒಂದರ ಮೇಲೊಂದು ಹತ್ತಿ, ಅಂಕಿಗಳು ಪಟ್ಟಿಯಿಂದಾಚೆ ಬಿದ್ದವು. ಪ್ರೋಗ್ರಾಮು ತುಂಬಿದ ಫ್ಲಾಪಿ ಹಿಡಿದುಕೊಂಡು ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಎರಡೂ ಊರಿನ ನಡುವೆ ಓಡಾಡಿದ್ದೇ ಓಡಾಡಿದ್ದು. ಎರಡು ಪರದೆಯಲ್ಲೂ ಗೆರೆಗಳು ಒಂದೇ ಅಂತರದಲ್ಲಿ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ಕಾಣುವಂತೆ ಮಾಡಲು ನನಗೆ ಆರು ವಾರ ಹಿಡಿಯಿತು. ಕೊನೆಗೆ ಆ ಸಮ ಗೆರೆಗಳನ್ನು ನೋಡಿ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ.

ಟ್ಯಾಂಕಿನಯ್ಯ ಪರದೆಯ ಮುಂದೆ ಕೈಕಟ್ಟಿಕೊಂಡು ನಿಂತು ಬಹಳ ಹೊತ್ತು ನೋಡಿದರು. ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಮಡಿಚಿದ ಖಾಕಿ ಅಂಗಿ, ಬರಿಗಾಲು. ಟ್ಯಾಂಕಿನ ಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ಕಂಡರೆ ಅವರಿಗಾಗದು. ಕಂಪ್ಯೂಟರಿನ ಕೋಣೆಗೂ ಅದೇ ಮರ್ಯಾದೆ ಕೊಟ್ಟಿದ್ದರು.

"ಚೆಂದಾಗದೆ ಮೇಡಮ್ಮೋರೆ," ಎಂದರು. ಆಮೇಲೆ ಮೆಲ್ಲಗೆ, "ಆದ್ರೆ ಗೆರೆ ಎಲ್ಲಾನೂವೆ ಒಂದೇ ಸಮಕ್ಕೆ ಆಕ್ಬುಟ್ಟಿದ್ದೀರಿ."

"ಹಾಗೇ ಇರಬೇಕಲ್ವಾ?"

"ನಮ್ ಟ್ಯಾಂಕು ಮಲಗ್ಕಂಡದೆ ಕಣಿ. ಡ್ರಮ್ಮು ಮಲಗಿಸ್ದಂಗೆ. ಒಟ್ಟೆ ತವ, ನಡುಮದ್ಯಕ್ಕೆ, ಒಂದ್ ಗೆರೆಗೆ ಆಲು ಜಾಸ್ತಿ ಇಡೀತದೆ. ತಳದಲ್ಲಿ, ಬಾಯ್ ತವ ಕಮ್ಮಿ. ನಂತವ ಪುಸ್ತಕ ಅದೆ, ತೋರುಸ್ತೀನಿ ಬನ್ನಿ."

ಅವರು ತೋರಿಸಿದ್ದು ರಟ್ಟು ಹೋದ ಒಂದು ಉದ್ದ ನೋಟ್ ಪುಸ್ತಕ. ಟ್ಯಾಂಕು ಮಾಡಿದವರು ಕೊಟ್ಟಿದ್ದ ಲೆಕ್ಕದ ಹಾಳೆ ಗೋಡೆಯ ಮೇಲಿತ್ತಂತೆ, ತೇವಕ್ಕೆ ಕೊಳೆತು ಉದುರುವ ಮೊದಲು ಅವರು ಕೂತು ಅದನ್ನೆಲ್ಲ ಕೈಯಲ್ಲಿ ನಕಲು ಮಾಡಿಟ್ಟಿದ್ದರು. ಇಷ್ಟು ಸೆಂಟಿಮೀಟರಿಗೆ ಇಷ್ಟು ಲೀಟರು ಎಂದು ಸಾಲಾಗಿ ಪುಟಗಟ್ಟಲೆ. ನಾನು ಎರಡು ಪುಟ ತಿರುವಿದೆ. ಅದರಲ್ಲಿ ಹಳದಿ ಕಲೆ, ಹಾಲಿನ ವಾಸನೆ. ನನ್ನ ಪ್ರೋಗ್ರಾಮಿನಲ್ಲಿ ಪೂರ್ತಿ ಎತ್ತರಕ್ಕೆ ಐದು ಸಾವಿರ ಲೀಟರು, ಅರ್ಧಕ್ಕೆ ಎರಡೂವರೆ ಸಾವಿರ, ಕಾಲಿಗೆ ಸಾವಿರದ ಇನ್ನೂರೈವತ್ತು ಎಂದು ಸಮನಾಗಿ ಹಂಚಿದ್ದೆ. ಅರ್ಧ ಟ್ಯಾಂಕಿನ ಲೆಕ್ಕ ಅವರ ಪುಸ್ತಕಕ್ಕೂ ನನ್ನದಕ್ಕೂ ಸರಿಯಾಗಿಯೇ ತಾಳೆಯಾಯಿತು. ಅಷ್ಟು ಸಾಕಾಯಿತು ನನಗೆ.

"ಇದೆಲ್ಲ ಕಂಪ್ಯೂಟರೇ ನೋಡ್ಕೊಳ್ಳತ್ತೆ ಬಿಡಿ," ಎಂದು ಪುಸ್ತಕ ವಾಪಸು ಕೊಟ್ಟೆ.

ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಟ್ಯಾಂಕಿನ ಕಡೆ ಹೋದರು. ಓದಿದವಳು, ನೋಡಿಯೇ ಹೇಳಿರುತ್ತಾಳೆ ಎಂದುಕೊಂಡರೋ ಏನೋ.

ಅವರು ಎಂಥವರು ಎಂಬುದಕ್ಕೆ ಒಂದು ಸಂಗತಿ ಹೇಳಬೇಕು. ನಾನು ಅಲ್ಲಿಗೆ ಹೋಗಿಬರಲು ತೊಡಗಿದ ಹೊಸತರಲ್ಲಿ ಒಂದು ಮಧ್ಯಾಹ್ನ ಟ್ಯಾಂಕಿನ ಕೆಳಗಿನ ವಾಲ್ವನ್ನು ಅವರು ಪೂರ್ತಿ ತಿರುಗಿಸದೆ ಊಟಕ್ಕೆ ಹೋಗಿಬಿಟ್ಟಿದ್ದರು. ಬಂದು ನೋಡುವಾಗ ಒಂದು ಕ್ಯಾನಿನಷ್ಟು ಹಾಲು ಮೋರಿ ಸೇರಿತ್ತು. ಕಂಪ್ಯೂಟರಿನ ಕೋಣೆಯಲ್ಲಿದ್ದ ನನ್ನನ್ನು ಬಿಟ್ಟರೆ ಕೇಂದ್ರದಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ನೆಲಕ್ಕೆ ನೀರು ಹಾಕಿ ತೊಳೆದು, ಕೈ ಒರೆಸಿಕೊಂಡು, ಸೀದಾ ಫೋನಿನ ಹತ್ತಿರ ಬಂದು ಮಾಲೀಕರಿಗೆ ಹೇಳಿದರು. ಆ ಕಡೆಯಿಂದ ಬಂದ ಬೈಗುಳ ಪಕ್ಕದಲ್ಲಿ ಕೂತಿದ್ದ ನನಗೂ ಕೇಳಿಸಿತು. ಅವರು "ಊಂ ಸಾಮಿ, ಊಂ ಸಾಮಿ" ಎನ್ನುತ್ತ ಫೋನಿಟ್ಟರು.

"ಯಾರೂ ನೋಡಿರ್ಲಿಲ್ವಲ್ಲ, ಯಾಕೆ ಹೇಳೋಕೆ ಹೋದ್ರಿ?" ಎಂದೆ.

"ನಾನ್ ನೋಡಿದ್ನಲ್ಲ ಮೇಡಮ್ಮೋರೆ," ಎಂದು ಬಟ್ಟೆ ಹಿಂಡಲು ಹೋದರು.

ಇಂಥವರ ಜೊತೆ ಕೆಲಸ ಮಾಡಿಯೂ ನಾನು ಏನೂ ಕಲಿಯಲಿಲ್ಲ.

ಹಸಿರು ಪಟ್ಟಿ ಹಾಕಿದ್ದು ಮಳೆಗಾಲದ ಕೊನೆಗೆ. ಮೇವು ಸಮೃದ್ಧವಾಗಿತ್ತು, ಟ್ಯಾಂಕು ದಿನವೂ ಮುಕ್ಕಾಲು ದಾಟುತ್ತಿತ್ತು. ನನ್ನ ಪಟ್ಟಿ ಮೂರು ಸಾವಿರದ ಏಳುನೂರೈವತ್ತು ತೋರಿಸಿದ ದಿನ ಕೇರಳದವರು ಹಾಲು ಅಳೆದು ಕೊಟ್ಟ ಚೀಟಿಯಲ್ಲಿ ನಾಲ್ಕು ಸಾವಿರ ಎಂದಿರುತ್ತಿತ್ತು. ಹೆಚ್ಚು ಬಂದರೆ ಯಾರು ಕೇಳುತ್ತಾರೆ? ಮಾಲೀಕರು, "ನಿನ್ ಕಂಪ್ಯೂಟರ್ ಸ್ವಲ್ಪ ಕೈ ಬಿಗಿ ಕಣಮ್ಮ" ಎಂದು ನಕ್ಕರು. ಟ್ಯಾಂಕಿನಯ್ಯ ಒಬ್ಬರೇ ನಗಲಿಲ್ಲ.

"ಪಟ್ಟಿ ಕಮ್ಮಿ ತೋರುಸ್ತಾ ಅದೆ. ಒಂದ್ಕಿತ ನೋಡಿ," ಎಂದು ನನ್ನ ಬಳಿ ಬಂದು ಹೇಳಿದರು.

"ಕಮ್ಮಿ ತೋರಿಸಿದ್ರೆ ಯಾರಿಗೇನು ನಷ್ಟ?" ಎಂದೆ ನಾನು.

ಅವರು ಕೋಲು ಒರೆಸುತ್ತ ನಿಂತರು. "ಬ್ಯಾಸ್ಗೆ ಬತ್ತದೆ ಮೇಡಮ್ಮೋರೆ," ಎಂದರು. ಅದರ ಅರ್ಥ ಕೇಳುವಷ್ಟು ತಾಳ್ಮೆಯೂ ನನಗಿರಲಿಲ್ಲ.

ಬೇಸಿಗೆ ಬಂತು. ಹುಲ್ಲು ಒಣಗಿತು, ಹಾಲು ಇಳಿಯಿತು. ಟ್ಯಾಂಕು ಕಾಲು ಭಾಗ ತುಂಬಿದರೆ ಹೆಚ್ಚು. ಪಟ್ಟಿ ಸಾವಿರದ ಇನ್ನೂರೈವತ್ತು ತೋರಿಸುತ್ತಿತ್ತು, ಟ್ಯಾಂಕರಿಗೆ ಸಾವಿರವೂ ಇಳಿಯುತ್ತಿರಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಸಾಲಾಗಿ ಮೂರು ವಾರ. ಆಫೀಸಿನಲ್ಲಿ ಕೂತು ಪರದೆ ನೋಡುತ್ತಿದ್ದ ಮಾಲೀಕರಿಗೆ ತೋರಿದ್ದು ಒಂದೇ. ಕೋಲು ಇಳಿಸಿದ ಮೇಲೆ, ಟ್ಯಾಂಕರು ಬರುವ ಮೊದಲು, ದಿನಾ ಇನ್ನೂರು ಮುನ್ನೂರು ಲೀಟರು ಹಾಲು ಹಿಂದಿನ ಬಾಗಿಲಿಂದ ಹೋಗುತ್ತಿದೆ.

ಮಾಲೀಕರು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆಗೆ ಬಂದರು. ಬೆಳಿಗ್ಗೆ ಹತ್ತರ ಹೊತ್ತು. ಕ್ಯಾನು ತೊಳೆಯುವವರು, ಟ್ಯಾಂಕರಿನ ಮಲಯಾಳಿ ಡ್ರೈವರು, ಹಾಲು ತಂದಿದ್ದ ಇಬ್ಬರು ಹೆಂಗಸರು, ಎಲ್ಲರೂ ಅಲ್ಲೇ ಇದ್ದರು. ಮಾಲೀಕರು ಯಾರನ್ನೂ ಆಚೆ ಕಳಿಸಲಿಲ್ಲ.

"ಹಾಲು ಎಲ್ಲಿಗೆ ಹೋಯ್ತಾ ಇದೆ?" ಎಂದು ಕೇಳಿದರು.

"ಎಲ್ಗೂ ಓಗಿಲ್ಲ ಸಾಮಿ. ಇರೋದೇ ಅಷ್ಟು."

"ಕಂಪ್ಯೂಟರ್ ಸುಳ್ಳು ಹೇಳ್ತದಾ?"

"ಅದು ಸುಳ್ ಯೋಳ್ತದೆ ಅಂತ ನಾನ್ ಅನ್ನಕ್ಕಿಲ್ಲ. ಗೆರೇಲಿ ತಪ್ಪು ಅದೆ. ನನ್ ಪುಸ್ತಕ ನೋಡಿ."

ಮಾಲೀಕರು ಪುಸ್ತಕವನ್ನು ಮುಟ್ಟಲಿಲ್ಲ. "ನೀನೇ ಬರ್ಕೊಂಡಿರೋ ಪುಸ್ತಕ ತಾನೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮ, ನಿನ್ ಲೆಕ್ಕದಲ್ಲಿ ತಪ್ಪಿದೆಯಾ?"

ಆ ಗಳಿಗೆಯಲ್ಲಿ ನನಗೆ ಏನೂ ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಇಷ್ಟು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೂ ಇದ್ದೇನೆ. ಅದು ನಿಜವಲ್ಲ. "ಒಟ್ಟೆ ತವ ಜಾಸ್ತಿ, ತಳದಲ್ಲಿ ಕಮ್ಮಿ" ಎಂದು ಅವರು ಹೇಳಿದ್ದು ಆ ಕ್ಷಣದಲ್ಲೇ ಮನಸ್ಸಿಗೆ ಬಂತು. ಒಂದು ದಿನ ಕೊಡಿ, ನೋಡಿ ಹೇಳುತ್ತೇನೆ ಎಂದಿದ್ದರೆ ಸಾಕಿತ್ತು. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆ ಜಾಗದಲ್ಲಿ ನನಗಿದ್ದ ಬೆಲೆಯೆಲ್ಲ ಆ ಪಟ್ಟಿಯಿಂದ ಬಂದದ್ದು.

"ಇಲ್ಲ ಸರ್, ಲೆಕ್ಕ ಸರಿಯಾಗಿದೆ," ಎಂದೆ.

ಟ್ಯಾಂಕಿನಯ್ಯ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಕೋಲಿನ ಗೆರೆ ಓದುವಾಗ ನೋಡುತ್ತಾರಲ್ಲ, ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಕೋಲನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಬಿಳಿ ಬಟ್ಟೆಯನ್ನು ಮಡಿಸಿ ಕಿಟಕಿಯ ಮೇಲಿಟ್ಟರು. ಹಾಲು ಕಾಣೆಯಾದದ್ದಕ್ಕೆ ಜವಾಬ್ದಾರ ಎಂದು ಅವರ ಹೆಸರು ಬರೆದ ಕಾಗದವನ್ನು ಮಾಲೀಕರು ಅವತ್ತೇ ಆಫೀಸಿನ ಕಡತಕ್ಕೆ ಸೇರಿಸಿದರು. ಗೇಟು ಕಾಯುವ ಕೆಲಸ ಮಾಡು, ಟ್ಯಾಂಕಿನ ಹತ್ತಿರ ಬರಬೇಡ ಎಂದರು ಮಾಲೀಕರು. ಅವರು ಮೂರು ದಿನ ಗೇಟಿನಲ್ಲಿ ಕೂತರು. ನಾಲ್ಕನೆಯ ದಿನದಿಂದ ಬರಲಿಲ್ಲ.

ಕೋಲು ಹಿಡಿಯಲು ಹೊಸಬರು ಬಂದರು, ಹಾಲು ಕಡಿಮೆ ಬೀಳುವುದು ನಿಲ್ಲಲಿಲ್ಲ. ಒಂದು ಭಾನುವಾರ ಟ್ಯಾಂಕು ತೊಳೆದು ಖಾಲಿ ಇಟ್ಟಿದ್ದಾಗ ನಾನೊಬ್ಬಳೇ ನಿಂತು ನೀರು ಹೊಯ್ದೆ. ನಲವತ್ತು ಲೀಟರಿನ ಕ್ಯಾನು, ಒಂದೊಂದಕ್ಕೂ ಕೋಲು ಇಳಿಸಿ ಬರೆದುಕೊಂಡೆ. ತಳದಲ್ಲಿ ಎರಡು ಮೂರು ಕ್ಯಾನಿಗೇ ಕೋಲು ಅಷ್ಟೆತ್ತರ ಏರಿತ್ತು. ನನ್ನ ಪಟ್ಟಿ ಅದಕ್ಕೆ ಇರುವುದರ ಎರಡೂವರೆಯಷ್ಟು, ಮೂರರಷ್ಟು ತೋರಿಸಿತು. ಇಪ್ಪತ್ತು ಕ್ಯಾನು ಆಗುವಷ್ಟರಲ್ಲಿ ನನ್ನ ಚೀಟಿಯಲ್ಲಿದ್ದ ಅಂಕಿಗಳು ಅವರು ಅಲ್ಲೇ ಬಿಟ್ಟುಹೋಗಿದ್ದ ಪುಸ್ತಕದ ಮೊದಲ ಪುಟದ ಅಂಕಿಗಳೇ ಆಗಿದ್ದವು.

ಆ ವಾರವೇ ಗೆರೆಗಳನ್ನು ಅಳಿಸಿ ಹೊಸದಾಗಿ ಹಾಕಿದೆ. ಹೊಟ್ಟೆಯ ಕಡೆ ಒತ್ತೊತ್ತಾಗಿ, ತಳಕ್ಕೂ ಬಾಯಿಗೂ ದೂರ ದೂರವಾಗಿ. "ಸ್ವಲ್ಪ ಸುಧಾರಣೆ ಮಾಡಿದೀನಿ ಸರ್" ಎಂದಷ್ಟೇ ಮಾಲೀಕರಿಗೆ ಹೇಳಿದೆ. ಮಾರನೆಯ ದಿನದಿಂದ ಪಟ್ಟಿಗೂ ಟ್ಯಾಂಕರಿನ ಚೀಟಿಗೂ ತಾಳೆಯಾಗತೊಡಗಿತು.

"ನೋಡ್ದೇನಮ್ಮ," ಎಂದರು ಮಾಲೀಕರು, ಹೆಮ್ಮೆಯಿಂದ. "ಅವನು ಹೋದ, ಕಳ್ಳತನ ನಿಂತೇ ಹೋಯ್ತು."

ನಾನು ಸುಮ್ಮನಿದ್ದೆ. ಮೊದಲು ಹೇಳಿದ ಸುಳ್ಳಿಗೆ ಅಹಂಕಾರ, ಭಯ, ಚಿಕ್ಕ ವಯಸ್ಸು ಎಂದು ಏನೇನೋ ಕಾರಣ ಕೊಡಬಹುದು. ಈ ಮೌನಕ್ಕೆ ಕೊಡಲು ನನ್ನಲ್ಲಿ ಯಾವ ಕಾರಣವೂ ಇಲ್ಲ.

ಮಳೆ ಶುರುವಾದ ಮೇಲೆ ಒಂದು ದಿನ ತಡೆಯಲಾರದೆ ಅವರ ಊರಿಗೆ ಹೋದೆ. ಬೇಗೂರಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಅವರು ಚೆಂಡು ಹೂವಿನ ಹೊಲದಲ್ಲಿ ಕಳೆ ಕೀಳುತ್ತಿದ್ದರು. ನನ್ನನ್ನು ಕಂಡು ಕೈ ಮಣ್ಣು ಝಾಡಿಸಿಕೊಂಡು ಎದ್ದು, "ಬನ್ನಿ ಮೇಡಮ್ಮೋರೆ" ಎಂದು ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಕಾಫಿ ತಂದಿಟ್ಟು, ನಾನು ಯಾರೆಂದು ತಿಳಿಯದೆಯೇ ಸಂಕಟ ಹೇಳಿಕೊಂಡರು. ಊರಿನ ಹಾಲಿನ ಸಂಘದಲ್ಲಿ ಅಳತೆಗೆ ಇವರನ್ನೇ ಕೂರಿಸಬೇಕೆಂದು ಮೊದಲು ಮಾತಾಗಿತ್ತಂತೆ. ಗುಂಡ್ಲುಪೇಟೆಯ ಸುದ್ದಿ ಬಂದ ಮೇಲೆ ಯಾರೂ ಆ ಮಾತೆತ್ತಲಿಲ್ಲವಂತೆ.

"ನೀ ಒಳಗೋಗು," ಎಂದು ಅವರು ಹೆಂಡತಿಯನ್ನು ಕಳಿಸಿದರು. ನಾವಿಬ್ಬರೇ ಜಗಲಿಯಲ್ಲಿ ಉಳಿದೆವು.

"ಗೆರೆ ಸರಿ ಮಾಡುದ್ರಾ?" ಎಂದು ಕೇಳಿದರು.

"ಮಾಡಿದೆ."

"ಒಟ್ಟೆ ತವ ಒತ್ತೊತ್ತಾಗಿ ಆಕುದ್ರಾ?"

"ಹೂಂ."

ಅವರ ಮುಖ ತಿಳಿಯಾಯಿತು. ಆ ಪಟ್ಟಿ ಸರಿಹೋಯಿತೆಂದು ನಿಜವಾಗಿ ಸಂತೋಷಪಟ್ಟರು, ಅದು ಅವರದೇ ಕೆಲಸವೇನೋ ಎಂಬಂತೆ. ಆಮೇಲೆ ಅತ್ತ ಕಡೆ ನೋಡುತ್ತ ಮಾಲೀಕರ ಮಾತೆತ್ತಿದರು: "ದಣಿಗೆ ಯೋಳುದ್ರಾ?"

ತಪ್ಪೊಪ್ಪಿಕೊಳ್ಳಲೆಂದೇ ಅಷ್ಟು ದೂರ ಬಂದವಳು ನಾನು. ಆದರೆ ಅವರ ದನಿಯಲ್ಲಿ ಎಂಥ ಆಸೆಯಿತ್ತೆಂದರೆ, ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. "ಹೇಳಿದೆ," ಎಂದೆ. ನಾಳೆಯೇ ಹೋಗಿ ಹೇಳಿಬಿಟ್ಟರೆ ಇದು ಸುಳ್ಳಾಗುವುದಿಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೆ. ಆ ನಾಳೆ ಬರಲಿಲ್ಲ. ಮರುವರ್ಷ ಕೆಲಸ ಬಿಟ್ಟು ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸಲು ಸೇರಿಕೊಂಡೆ. ಮಾಲೀಕರು ಕೆಲವು ವರ್ಷಗಳಲ್ಲಿ ತೀರಿಹೋದರು, ಕಂಪನಿಯೂ ಮುಚ್ಚಿತು. ಯಾರಿಗೆ ಹೇಳಬೇಕಿತ್ತೋ ಅವರೇ ಉಳಿಯಲಿಲ್ಲ.

ಅವರ ಸಾವಿನ ಸುದ್ದಿ ಕೇಳಿದ ಮುಂದಿನ ಭಾನುವಾರ ಮತ್ತೆ ಬೇಗೂರಿನಲ್ಲಿ ಬಸ್ಸಿಳಿದೆ. ಬಾಗಿಲಲ್ಲಿದ್ದದ್ದು ಅವರ ಮಗಳು. ತಿಥಿಗೆ ಬಂದವಳು ಇನ್ನೂ ತವರಿನಲ್ಲೇ ಉಳಿದಿದ್ದಳು. ನಾನು ಯಾರೆಂದು ಹೇಳುತ್ತಿದ್ದಂತೆ ಎದ್ದು ನಿಂತಳು.

"ಕಂಪ್ಯೂಟರ್ ಮೇಡಮ್ಮೋರಾ? ಅಪ್ಪ ನಿಮ್ ಇಸ್ಯ ಅದೆಷ್ಟ್ ಯೋಳ್ತಿತ್ತು. ಯಾರಾರ ಕಳ್ಳ ಅಂತ ಆಡ್ಕಂಡ್ರೆ, ದಣಿಗೆ ನಿಜ ಗೊತ್ತು, ಆ ಮೇಡಮ್ಮೋರೇ ಯೋಳವ್ರೆ, ದಣಿಗೆ ನಾಚ್ಕೆ, ಅದ್ಕೇ ಕರ್ಸಿಲ್ಲ ಅಂತಿತ್ತು. ಅದುನ್ ಯೋಳ್ಕಂಡೇ ತಲೆ ಎತ್ಕಂಡ್ ತಿರುಗ್ತು."

ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ.

"ನಾನು ಹೇಳಲಿಲ್ಲ ಕಣಮ್ಮ," ಎಂದೆ. "ಹೇಳಿದೆ ಅಂತ ನಿಮ್ಮಪ್ಪನಿಗೆ ಸುಳ್ಳು ಹೇಳಿದೆ. ದಣಿಗೆ ಕೊನೇವರೆಗೂ ಗೊತ್ತಾಗಲಿಲ್ಲ. ತಪ್ಪೆಲ್ಲ ನಂದು."

ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಒಳಗಿನಿಂದ ಮುದುಕಿಯ ಕೆಮ್ಮು, ಕಾಲೆಳೆಯುವ ಸದ್ದು ಕೇಳಿಸಿತು. ಮಗಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅವ್ವುನ್ ಮುಂದೆ ಮಾತ್ರ ಇದ ಯೋಳ್ಬ್ಯಾಡಿ," ಎಂದಳು. "ಅವ್ಳು ಅದುನ್ನೇ ನೆಚ್ಕಂಡ್ ಕುಂತವ್ಳೆ."

ಅವರ ಹೆಂಡತಿ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಯಾರವ್ವ?" ಎಂದರು. ಮಗಳು ಹೇಳಿದಳು. ಅವರು ತಡವಿ ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು.

"ಅಷ್ಟ್ ಜನ್ದಾಗೆ ನೀನೊಬ್ಳು ನಿಜ ಯೋಳ್ದೆ ಕಣವ್ವ," ಎಂದರು. "ನಿನ್ ಒಟ್ಟೆ ತಣ್ಗಿರ್ಲಿ."

ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಊಂ ಎಂದೆ.